ಪಾರ್ಕಿಂಗ್ ಜಾಗದ ಗಿಡಗಳು

ನವೆಂಬರ್ 6, 2024

ಹುಬ್ಬಳ್ಳಿಯ ಡಾಕ್ಟರು ಒಂದು ಹಾಳೆ ಕೊಟ್ಟಿದ್ದಾರೆ. ದಿನಕ್ಕೊಂದು ಚೌಕ. ಎಚ್ಚರ ತಪ್ಪಿದ ದಿನ ಅಡ್ಡಗೆರೆ, ಏನೂ ಆಗದ ದಿನ ಸೊನ್ನೆ. ಹೆಂಡತಿ ದಾಕ್ಷಾಯಿಣಿ ಅದನ್ನು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಾಳೆ. ಅದು ಮನೆಯವರೆಲ್ಲ ನೋಡುವ ಹಾಳೆ. ಈ ನೋಟ್‌ಬುಕ್ಕು ನನಗೆ ಮಾತ್ರ. ಗಾಡಿ ಇಲ್ಲದ ಡ್ರೈವರ್‌ಗೆ ಹಗಲು ಬಹಳ ಉದ್ದ. ಬರೆದಾದರೂ ಸ್ವಲ್ಪ ಕಳೆಯಲಿ.

ಆದದ್ದು ಇಷ್ಟು. ದೀಪಾವಳಿ ಪಾಡ್ಯದ ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತವನು ಬಿದ್ದೆನಂತೆ. ಕೈಕಾಲು ಸೆಟೆದುಕೊಂಡವಂತೆ. ಎಚ್ಚರವಾದಾಗ ತಲೆ ದಾಕ್ಷಾಯಿಣಿಯ ತೊಡೆಯ ಮೇಲಿತ್ತು, ಮಗಳು ಶಾಂಭವಿ ಫೋನಿನಲ್ಲಿ ಯಾರಿಗೋ ನಮ್ಮ ಓಣಿಯ ಗುರುತು ಹೇಳುತ್ತಿದ್ದಳು. ಡಾಕ್ಟರು ಫಿಟ್ಸ್ ಅಂದರು. ದಿನಕ್ಕೆರಡು ಗುಳಿಗೆ. ಮೂರು ತಿಂಗಳು ಬಿಟ್ಟು ಬನ್ನಿ, ಸದ್ಯ ಸ್ಟೀರಿಂಗ್ ಮುಟ್ಟಬೇಡಿ ಅಂದರು. ಸದ್ಯ ಅಂದರೆ ಸದ್ಯ. ಯಾವಾಗಲೂ ಅಂತ ಅಲ್ಲ.

ಹಿಂದೆ ಯಾವಾಗಾದರೂ ಹೀಗೆ ಆಗಿತ್ತಾ ಎಂದು ಕೇಳಿದರು. ಇಲ್ಲ ಅಂದೆ. ಹೋದ ತಿಂಗಳು ಹೆಗ್ಗರಣೆ ಹತ್ತಿರ ಗಾಡಿ ಗಟಾರಕ್ಕೆ ಇಳಿದದ್ದನ್ನು ಹೇಳಲಿಲ್ಲ. ಅದು ಆಕಳು ಅಡ್ಡ ಬಂದದ್ದರಿಂದ ಆದದ್ದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ನವೆಂಬರ್ 9

ಗೋವಿಂದ ಹೆಗಡೇರ ಟೆಂಪೋ ಟ್ರಾವೆಲರ್ ಓಡಿಸಲು ಹಿಡಿದು ಹದಿನಾಲ್ಕು ವರ್ಷವಾಯಿತು. ಇನ್ನು ಅದನ್ನು ಓಡಿಸಲಿರುವ ಮಂಜಪ್ಪ ಇವತ್ತು ಬಂದು ಕೀಲಿ ತೆಗೆದುಕೊಂಡು ಹೋದ. “ಮೂರು ತಿಂಗಳ ಮಾತು ಅಂದಾನಪ್ಪಣ್ಣ. ನಿನ್ನ ಸೀಟು ನಿಂದೇ” ಅಂದ. ಮೂರನೇ ಗೇರು ಅವಸರ ಮಾಡಿದರೆ ಬೀಳುವುದಿಲ್ಲ, ಸಾವಕಾಶ ಹಾಕು ಎಂದು ಹೇಳಿ ಕಳಿಸಿದೆ. ಓಣಿಯ ತಿರುವಿನಲ್ಲೇ ಅವಸರ ಮಾಡಿದ. ಒಳಗೆ ಕೂತವನಿಗೆ ಕೇಳಿಸಿತು.

ಸೊನ್ನೆ.

ನವೆಂಬರ್ 14

ಫೋನು ನಿಂತು ನಿಂತು ನಡೆಯುತ್ತಿತ್ತು. ಶಾಂಭವಿಗೆ ತೋರಿಸಿದೆ. ಅವಳು ಇಲ್ಲೇ ಶಿರಸಿಯ ಕನ್ನಡ ಶಾಲೆಯಲ್ಲಿ ಅತಿಥಿ ಶಿಕ್ಷಕಿ.

“ಅಪ್ಪಾ, ಇದರಾಗ ಬರೇ ಗಿಡದ ಫೋಟೋನ ಎರಡು ಸಾವಿರ ಅದಾವು. ತೆಗದು ಹಾಕಲ್ಯಾ?”

ಬೇಡ ಅಂದೆ. ಪ್ಯಾಸೆಂಜರುಗಳು ಜಲಪಾತ ನೋಡಲು ಇಳಿದು ಹೋದರೆ ಬರಲು ಎರಡು ತಾಸು. ಡ್ರೈವರ್ ಗಾಡಿ ಬಿಟ್ಟು ಹೋಗುವಂತಿಲ್ಲ. ಮೊದಲು ಸೀಟಿನ ಮೇಲೆ ಕಾಲು ಚಾಚಿ ಮಲಗುತ್ತಿದ್ದೆ. ಒಮ್ಮೆ ಸಾತೊಡ್ಡಿಯಲ್ಲಿ ಬೆಂಗಳೂರಿನ ಹೆಂಗಸೊಬ್ಬರು “ಡ್ರೈವರೇ, ಇದು ಏನು ಗಿಡ?” ಎಂದು ಕೇಳಿದರು. ಗೊತ್ತಿರಲಿಲ್ಲ. ಈ ಊರಿನವನಾಗಿ ಗೊತ್ತಿಲ್ಲ ಅನ್ನಲು ನಾಚಿಕೆಯಾಯಿತು. ಆಮೇಲೆ ಗಾಡಿ ನಿಂತಲ್ಲೆಲ್ಲ ಫೋಟೋ ತೆಗೆದು, ಅಲ್ಲಿನ ಚಹಾದಂಗಡಿಯವರನ್ನೋ ಗಾರ್ಡ್‌ನನ್ನೋ ಕೇಳಿ ಹೆಸರು ತಿಳಿದುಕೊಳ್ಳುತ್ತಿದ್ದೆ. ಉಪ್ಪಾಗೆ, ಮುರುಗಲು, ವಾಟೆ, ದಾಲ್ಚಿನ್ನಿ. ಎಲ್ಲ ಪಾರ್ಕಿಂಗ್ ಜಾಗದ ಗಿಡಗಳೇ.

ಶಾಂಭವಿ ಪೂರ್ತಿ ನೋಡಿ ಹೇಳಿದಳು: “ನಾಲ್ಕನೇ ಕ್ಲಾಸಿಗೆ ಎಲೆಗಳ ಆಕಾರದ ಚಾರ್ಟ್ ಬೇಕಾಗೇತಿ. ನನಗ ಪುರಸೊತ್ತಿಲ್ಲ. ನೀವ ಬರದು ಕೊಡ್ರಿ. ಖಾಲಿನ ಅದೀರಿ.”

ಖಾಲಿನ ಅದೀರಿ ಎನ್ನುವ ಮಾತು ಚುಚ್ಚಿತು. ಅವಳಿಗೆ ಚುಚ್ಚುವ ಉದ್ದೇಶ ಇರಲಿಲ್ಲ. ಡ್ರಾಯಿಂಗ್ ಹಾಳೆ, ಎರಡು ಬ್ರಷ್ಷು, ಆರು ಬಾಟಲಿ ಬಣ್ಣ ಮೇಜಿನ ಮೇಲಿಟ್ಟು ಹೋದಳು.

ಸೊನ್ನೆ.

ನವೆಂಬರ್ 17

ಹಸಿರು ಬಾಟಲಿ ತೆಗೆದು ಹಾಗೆಯೇ ಬಳಿದೆ. ಮುರುಗಲು ಎಲೆ ಹೋಗಿ ಪ್ಲಾಸ್ಟಿಕ್ ಬಕೆಟಿನ ತುಂಡಾಯಿತು. ದಾಕ್ಷಾಯಿಣಿ ಹೊಲಿಗೆ ಮಷಿನ್ ನಿಲ್ಲಿಸಿ ಕತ್ತು ಚಾಚಿ ನೋಡಿ, ಮತ್ತೆ ಮಷಿನ್ ತುಳಿದಳು.

ಸುಳ್ಳೇ ಹೊತ್ತು ಹಾಳು. ಈ ವಾರ ಯಾಣಕ್ಕೆ ಎರಡು ಟ್ರಿಪ್ ಇತ್ತಂತೆ. ಸೀಸನ್ ಈಗಷ್ಟೇ ಶುರು.

ಸೊನ್ನೆ.

ನವೆಂಬರ್ 24

ಇವತ್ತು ಒಂದು ತಿಳಿಯಿತು. ಬಾಟಲಿಯ ಹಸಿರಿನಲ್ಲಿ ಎಲೆ ಬರುವುದಿಲ್ಲ. ಹಳದಿಗೆ ನೀಲಿ ಕೂಡಿಸಬೇಕು, ಆಮೇಲೆ ಬ್ರಷ್ಷಿನ ತುದಿಯಲ್ಲಿ ಕೆಂಪು ಮುಟ್ಟಿಸಬೇಕು. ಕೆಂಪು ಸೇರಿದ ಕೂಡಲೇ ಹಸಿರಿನ ಸೊಕ್ಕು ಇಳಿದು ನೆರಳಿನಂಥ ಬಣ್ಣ ಬರುತ್ತದೆ. ಮುರುಗಲಿನ ಚಿಗುರಂತೂ ಕೆಂಪೇ. ಹೊಳಪಿಗೆ ಬಿಳಿ ಬಳಿಯಬಾರದು, ಅಷ್ಟು ಜಾಗ ಕಾಗದವನ್ನೇ ಬಿಡಬೇಕು. ಯಾರೂ ಹೇಳಿಕೊಟ್ಟದ್ದಲ್ಲ, ಒಂಬತ್ತು ಹಾಳೆ ಕೆಟ್ಟ ಮೇಲೆ ಗೊತ್ತಾದದ್ದು.

ತೊಂದರೆ ಫೋನಿನದು. ಅರ್ಧ ನಿಮಿಷಕ್ಕೆ ಕತ್ತಲಾಗುತ್ತದೆ. ಮತ್ತೆ ಮತ್ತೆ ಹೆಬ್ಬೆರಳು ಒತ್ತಿ ಗಾಜೆಲ್ಲ ಹಸಿರಾಗಿತ್ತು. ಸಂಜೆ ಹೆಗಡೇರು ಫೋನ್ ಮಾಡಿದಾಗ ಕಿವಿಗೂ ಹತ್ತಿತು. ದಾಕ್ಷಾಯಿಣಿ ನಕ್ಕಳು. ಪಾಡ್ಯದ ನಂತರ ಅವಳು ನಕ್ಕದ್ದು ಇದೇ ಮೊದಲು.

ಶಾಂಭವಿ ಚಾರ್ಟ್ ಒಯ್ದಳು. ಇನ್ನೊಂದು ಬೇಕಂತೆ.

ಡಿಸೆಂಬರ್ 2

ಬೆಳಿಗ್ಗೆ ಸುಟ್ಟ ರಬ್ಬರಿನ ವಾಸನೆ ಬಂತು. ಆಮೇಲೆ ನೋಡಿದರೆ ಬಣ್ಣದ ನೀರಿನ ಲೋಟ ಉರುಳಿ, ಹಾಳೆಯ ಮೇಲೆಲ್ಲ ಹರಿದು, ಮೇಜಿನ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ಬ್ರಷ್ಷು ಕೈಯಲ್ಲೇ ಇತ್ತು. ನಡುವೆ ಎಷ್ಟು ಹೊತ್ತು ಹೋಯಿತೋ ಗೊತ್ತಿಲ್ಲ.

“ಏನಾತ್ರಿ?” ಎಂದು ದಾಕ್ಷಾಯಿಣಿ ಒಳಗಿನಿಂದ ಕೇಳಿದಳು.

“ಕೈ ತಾಗಿತು” ಅಂದೆ.

ಅಡುಗೆಮನೆಯ ಹಾಳೆಯಲ್ಲಿ ಸೊನ್ನೆ ಹಾಕಿದೆ. ಇನ್ನು ಎರಡೇ ತಿಂಗಳು. ಒಂದು ಅಡ್ಡಗೆರೆ ಬಿದ್ದರೆ ಡಾಕ್ಟರು ಮತ್ತೆ ಮೊದಲಿನಿಂದ ಎಣಿಸು ಅನ್ನುತ್ತಾರೆ.

ಡಿಸೆಂಬರ್ 11

ಮಾಗೋಡು ಜಲಪಾತದ ಬಳಿಯ ಬೆತ್ತದ ಗಿಡ ಬರೆದೆ, ಮೂರು ದಿನ ಹಿಡಿಯಿತು. ಗರಿಯ ಒಂದೊಂದು ಎಲೆಯೂ ಬೇರೆ ಬೇರೆ ಕಡೆ ಬಾಗಿರುತ್ತದೆ. ಎಲ್ಲವನ್ನೂ ಒಂದೇ ಥರ ಬರೆದರೆ ಬಾಚಣಿಗೆಯಾಗುತ್ತದೆ. ಯಲ್ಲಾಪುರದಿಂದ ಮಾಗೋಡಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಗಾಡಿ ನಿಲ್ಲಿಸುತ್ತಿದ್ದ ಜಾಗದ ಪಕ್ಕದ ಈ ಬೆತ್ತಕ್ಕೆ ಹಿಂದಿನ ಬಂಪರ್ ತಾಗದ ಹಾಗೆ ನೋಡಿಕೊಂಡಿದ್ದೇನೆ. ಆದರೆ ಅದರ ದೇಟಿನ ಮುಳ್ಳು ಕೆಳಮುಖವಾಗಿ ಬಾಗಿದೆ ಎಂದು ಗೊತ್ತಾದದ್ದು ಈಗ, ಶಿರಸಿಯಲ್ಲಿ ಮನೆಯ ಮೇಜಿನ ಮುಂದೆ ಕೂತು.

ದಾಕ್ಷಾಯಿಣಿ ಒಂದು ಚಿತ್ರ ತೆಗೆದುಕೊಂಡು ಮಷಿನ್ ಎದುರಿನ ಗೋಡೆಗೆ ಹಚ್ಚಿದಳು. ಅದರಿಂದ ಕಣ್ಣಿಗೆ ತಂಪು ಅಂದಳು.

ಡಿಸೆಂಬರ್ 19

ಉಂಚಳ್ಳಿ ಜಲಪಾತದ ಫೋಟೋಗಳನ್ನು ನಾನು ಬೇಕಂತಲೇ ಬಿಟ್ಟಿದ್ದೆ. ಇವತ್ತು ಬೇರೆ ಯಾವುದೋ ಹುಡುಕುವಾಗ ಬೆರಳು ಜಾರಿ ಅಲ್ಲಿಗೇ ಹೋಯಿತು. ಅಕ್ಟೋಬರ್ ಹದಿಮೂರು. ಸೋಂದಾದ ಹನ್ನೊಂದು ಜನರನ್ನು ಕರೆದುಕೊಂಡು ಹೋದ ದಿನ.

ಮೊದಲ ಫೋಟೋ ಚೆನ್ನಾಗಿದೆ. ಪಾರ್ಕಿಂಗ್ ಅಂಚಿನ ಒಂದು ಪೊದೆ, ನೇರಳೆ ಬಣ್ಣದ ಹೂವು, ಒರಟು ಎಲೆ. ಎರಡನೆಯದೂ ಅದೇ. ಮೂರನೆಯದರಿಂದ ಕ್ಯಾಮೆರಾ ಕೆಳಗಿಳಿಯುತ್ತ ಹೋಗಿದೆ. ಎಲೆಯ ಒಂದು ಮೂಲೆ, ಜಲ್ಲಿಕಲ್ಲು, ನನ್ನ ಚಪ್ಪಲಿಯ ತುದಿ. ಅದೇ ಚಪ್ಪಲಿಯ ಒಂಬತ್ತು ಫೋಟೋ. ಮಧ್ಯಾಹ್ನ ಮೂರೂ ನಲವತ್ತೆರಡಕ್ಕೆ ಶುರುವಾಗಿ ಮೂರೂ ನಲವತ್ತಮೂರಕ್ಕೆ ಮುಗಿದಿದೆ. ಆ ಒಂಬತ್ತನ್ನು ತೆಗೆದ ನೆನಪು ನನಗಿಲ್ಲ.

ಅದಕ್ಕೂ ಮೊದಲಿನದು ನೆನಪಿದೆ. ರಬ್ಬರ್ ಸುಟ್ಟ ವಾಸನೆ ಬಂದಿತ್ತು. ಬ್ರೇಕ್ ಲೈನರ್ ಇರಬೇಕೆಂದು ಬಗ್ಗಿ ನಾಲ್ಕೂ ಚಕ್ರ ಮೂಸಿ ನೋಡಿದ್ದೆ. ಚಕ್ರಗಳು ತಣ್ಣಗಿದ್ದವು. ನನಗೇ ಏನೋ ಆಗುತ್ತಿದೆ ಎಂದು ಆಗಲೇ ಅನ್ನಿಸಿತ್ತು. ಅಂಥದ್ದು ಅದಕ್ಕೂ ಹಿಂದೆ ಒಂದೆರಡು ಸಲ ಆಗಿತ್ತು, ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡಿದ್ದೆ. ಜನ ಬಂದರು. ಗಾಡಿ ಹತ್ತಿದೆ. ಹೆಗ್ಗರಣೆ ದಾಟುವ ಮೊದಲೇ ಗಾಡಿ ಗಟಾರಕ್ಕೆ ಇಳಿದು ರಸ್ತೆ ಬದಿಯ ಮಣ್ಣಿನ ಧರೆಗೆ ಗುದ್ದಿತು.

ಕಣ್ಣು ಬಿಟ್ಟಾಗ ಹಿಂದಿನಿಂದ ಯಾರೋ “ಆಕಳು ಏನಾದ್ರೂ ಬಂತಾ?” ಅಂದರು. ಹೌದು ಅಂದೆ. ಅಷ್ಟೇ. ಒಂದು ಹೌದು. ಸುಬ್ಬಲಕ್ಷ್ಮಿ ಎಂಬ ಹಿರಿಯರ ಬಲಗೈ ಮಣಿಕಟ್ಟು ಮುರಿದಿತ್ತು. ಉಳಿದವರು ನನ್ನನ್ನೇ ಸಮಾಧಾನ ಮಾಡಿದರು. ಹೆಗಡೇರು ಆಕಳು ಉಳಿಸಿದೆ ಎಂದು ಬೆನ್ನು ತಟ್ಟಿದರು.

ಆಕಳು ಇರಲಿಲ್ಲ. ಇದನ್ನು ಇಲ್ಲಿಯಾದರೂ ಬರೆಯಬೇಕು. ಆಕಳು ಇರಲಿಲ್ಲ.

ಡಿಸೆಂಬರ್ 20

ಬ್ರಷ್ಷು ಮುಟ್ಟಲಿಲ್ಲ.

ಡಿಸೆಂಬರ್ 23

ಮೂರು ದಿನದಿಂದ ಅದೇ ಪೊದೆಯನ್ನು ಬರೆಯುತ್ತಿದ್ದೇನೆ. ಚೆನ್ನಾಗಿರುವ ಮೊದಲ ಫೋಟೋ ನೋಡಿ. ಯಾಕೆಂದು ಗೊತ್ತಿಲ್ಲ. ಬೇರೆ ಗಿಡಕ್ಕೆ ಕೈ ಹೋಗುತ್ತಿಲ್ಲ.

ಮಧ್ಯಾಹ್ನ ದಾಕ್ಷಾಯಿಣಿ ಊಟಕ್ಕೆ ಕರೆದಳು. ರೊಟ್ಟಿ ಮುರಿದು ಹಾಗೇ ಕೂತೆ.

“ಹಿಂಗ್ಯಾಕ ಕುಂತೀರಿ? ಪಲ್ಯಾ ಖಾರ ಆಗೇತೇನು?”

ಫೋನ್ ತೆಗೆದು ಅವಳ ಮುಂದಿಟ್ಟೆ. ಚಪ್ಪಲಿಯ ಒಂಬತ್ತು ಫೋಟೋ ಒಂದಾದ ಮೇಲೆ ಒಂದು ತೋರಿಸಿದೆ. ಆಮೇಲೆ ಎಲ್ಲ ಹೇಳಿದೆ. ಹೇಳುವಾಗ ಅವಳ ಮುಖ ನೋಡಲಿಲ್ಲ, ತಾಟಿನಲ್ಲಿದ್ದ ಮೆಣಸಿನಕಾಯಿ ನೋಡುತ್ತಿದ್ದೆ.

ಅವಳು ಎದ್ದು ಹೋಗಿ ಕೈ ತೊಳೆದಳು. ಪೆನ್ನು ತೆಗೆದುಕೊಂಡು ಗೋಡೆಯ ಹಾಳೆಯ ಮುಂದೆ ನಿಂತಳು.

“ಬಣ್ಣದ ನೀರು ಚೆಲ್ಲಿದ ದಿನ ಯಾವುದು? ಎರಡನೇ ತಾರೀಖು ಹೌದಲ್ರಿ?”

ಹೌದು ಅಂದೆ. ಸೊನ್ನೆಯ ಮೇಲೆ ಅಡ್ಡಗೆರೆ ಎಳೆದಳು.

“ನನಗ ಅವತ್ತ ಸಂಶಯ ಬಂದಿತ್ತು. ಕೈ ತಾಗಿತು ಅಂದ್ರಿ, ಸುಮ್ನಾದೆ. ಇನ್ನ ಮ್ಯಾಲೆ ಸುಮ್ನ ಆಗಂಗಿಲ್ಲ” ಅಂದಳು. ಅತ್ತಳು. ಸ್ವಲ್ಪ ಹೊತ್ತಿಗೆ, “ಆ ಅಮ್ಮಾರ ಮನಿ ಸೋಂದಾದಾಗ ಎಲ್ಲಿ ಬರತೈತಿ?” ಎಂದು ಕೇಳಿದಳು.

ಊಟ ಮಾಡಿದೆ. ನಾಲ್ಕು ರೊಟ್ಟಿ ತಿಂದೆ. ಬಹಳ ದಿನದ ಮೇಲೆ.

ಜನವರಿ 5, 2025

ಸೋಂದಾಕ್ಕೆ ಬಸ್ಸಿಗೆ ಹೋದೆವು, ದಾಕ್ಷಾಯಿಣಿ ಮತ್ತು ನಾನು. ಮಠದ ದಾರಿಯಲ್ಲಿ ಇಳಿದು ಒಬ್ಬರನ್ನು ಕೇಳಿದರೆ ಮನೆ ತೋರಿಸಿದರು. ಹೋಗುವವರೆಗೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿದ್ದೆ. ಸುಬ್ಬಲಕ್ಷ್ಮಿ ಅಮ್ಮನವರು ಜಗಲಿಯಲ್ಲಿ ಎಡಗೈಯಲ್ಲಿ ಹೂವಿನ ಮಾಲೆ ಕಟ್ಟಲು ಹೆಣಗುತ್ತಿದ್ದದ್ದನ್ನು ನೋಡಿ ಜೋಡಿಸಿದ್ದೆಲ್ಲ ಮರೆತುಹೋಯಿತು.

ಗುರುತು ಹಿಡಿದರು. ಒಳಗೆ ಮೊಮ್ಮಗಳನ್ನು ಕರೆದು, “ಅಭಿಜ್ಞಾ, ಯಾರು ಬೈಂದ ನೋಡೇ. ಆಸ್ರಿಗೆ ಎಂತಾರೂ ತಗಂಬಾ” ಎಂದು ಕುಡಿಯಲು ತರಹೇಳಿದರು. ನಮಗೆ ಚಾಪೆ ತೋರಿಸಿದರು. ನಾನು ಕೂರಲಿಲ್ಲ.

“ಅಮ್ಮಾ, ಅವತ್ತ ಆಕಳು ಬಂದಿದ್ದಿಲ್ರಿ. ನನಗ ಎಚ್ಚರ ತಪ್ಪಿತ್ತು. ಹೊರಡೂ ಮೊದಲ ನನಗ ಸರಿ ಇರಲಿಲ್ಲ. ಗೊತ್ತಿದ್ದೂ ಗಾಡಿ ಹತ್ತಿದೆ.”

ಅವರು ಹೂವು ಕೆಳಗಿಟ್ಟರು.

“ಆಕಳು ಇರ್ಲಿಲ್ಲ ಅಂತ ನಂಗೆ ಅವತ್ತೇ ಗೊತ್ತು. ನಿಮ್ಮ ಹಿಂದಿನ ಸೀಟಲ್ಲೇ ಕೂತಿದ್ದೆ. ರಸ್ತೆ ಖಾಲಿ ಇತ್ತು. ನಿಮ್ಮ ತಲೆ ಒಂದ್ಕಡೆ ವಾಲಿದ್ದು ಕಂಡೆ. ಕುಡ್ದಿದಾನೆ ಅಂತ ಮಾಡಿದ್ದೆ.”

ದಾಕ್ಷಾಯಿಣಿ, “ಇವರು ಕುಡಿಯೂದಿಲ್ರಿ” ಅಂದಳು.

“ಹೌದಾ. ನಂಗೆ ಹ್ಯಾಂಗೆ ಗೊತ್ತಾಗ್ಬೇಕು?”

“ಮತ್ಯಾಕ ಯಾರಿಗೂ ಹೇಳಲಿಲ್ರಿ ಅಮ್ಮಾ?” ಎಂದು ಕೇಳಿದೆ.

“ಹೇಳಿದ್ರೆ ನಿಮ್ಮ ಅನ್ನ ಹೋಗ್ತು ಅಂತ ಒಂದು. ಹೇಳ್ದೇ ಇದ್ರೆ ನಾಳೆ ಯಾರದ್ದಾದ್ರೂ ಜೀವ ಹೋದ್ರೆ ಅಂತ ಇನ್ನೊಂದು. ಅವತ್ತಿಂದ ಇದೇ ತಲೆಲಿ. ಗಾಡಿ ಈಗ ಯಾರು ಹೊಡೀತಾರೆ ಅಂತ ಗೋವಿಂದ ಹೆಗಡೇರ ಮನೆಗೆ ಎರಡು ಸಲ ಫೋನ್ ಮಾಡಿ ಕೇಳಿದ್ದೆ. ಮಂಜಪ್ಪ ಅಂತ ಒಬ್ಬ ಅಂದ್ಮೇಲೆ ಸ್ವಲ್ಪ ಸಮಾಧಾನ ಆಯ್ತು.” ಬಲಗೈ ಚಾಚಿ ತಿರುಗಿಸಲು ನೋಡಿದರು. ಅರ್ಧಕ್ಕೆ ನಿಂತಿತು. “ಬಟ್ಟೆ ಹಿಂಡಲಿಕ್ಕೆ ಬರೂದಿಲ್ಲ. ಸಿಟ್ಟಿಲ್ಲ ಅಂತ ಸುಳ್ಳು ಹೇಳೂದಿಲ್ಲ ನಾನು. ಆದ್ರೆ ನೀವು ಬಂದು ಹೇಳಿದ್ರಲ್ಲ, ಇನ್ನು ನಾನು ಇದನ್ನ ಹೊತ್ಕಂಡು ಕೂರೂದು ಬೇಡ.”

ಹೀಗೆ ಒಬ್ಬರು ನನ್ನ ದೆಸೆಯಿಂದ ಒದ್ದಾಡುತ್ತಿದ್ದಾರೆಂದು ನನಗೆ ಹೊಳೆದೇ ಇರಲಿಲ್ಲ. ಕಾಲಿಗೆ ಬೀಳಲು ಹೋದೆ. ಬೇಡ ಬೇಡ, ಕೂತ್ಕೊಳಿ ಅಂದರು. ಕೂತೆ. ಅಭಿಜ್ಞಾ ಬೆಲ್ಲದ ಪಾನಕ ತಂದಳು.

ದಾಕ್ಷಾಯಿಣಿ ನನ್ನನ್ನು ಕೇಳದೆಯೇ ಚೀಲದಲ್ಲಿ ಆ ಪೊದೆಯ ಚಿತ್ರವನ್ನು ಸುತ್ತಿ ತಂದಿದ್ದಳು. ಬಿಡಿಸಿ ಅವರ ಮುಂದಿಟ್ಟಳು. ನನಗೆ ಮುಜುಗರವಾಯಿತು. ಅಮ್ಮನವರು ಕನ್ನಡಕ ತರಿಸಿ ಹಾಕಿಕೊಂಡು ನೋಡಿದರು.

“ಇದು ನೆಕ್ಕರಕ ಅಲ್ದಾ? ಇದರ ಕುಡಿ ತಂಬಳಿ ಮಾಡ್ತೋ ನಾವು. ಬಣ್ಣ ಚೊಲೋ ಬಂದಿದೆ. ಆದ್ರೆ ನರ ತಪ್ಪಿದೆ.”

“ಎಲ್ರಿ?”

“ನೀವು ಮಾವಿನ ಎಲೆ ಥರ ಅಡ್ಡಡ್ಡ ಎಳೆದಿದ್ದೀರಿ. ನೆಕ್ಕರಕಕ್ಕೆ ಹಂಗಿಲ್ಲ. ಬುಡದಿಂದ ತುದಿವರೆಗೂ ಉದ್ದಕ್ಕೆ ಹೋಗ್ತದೆ. ಅಭೀ, ಹಿಂದೆ ಹೋಗಿ ಒಂದು ಕುಡಿ ಮುರ್ಕಂಡು ಬಾ.”

ತಂದಳು. ನಿಜ. ಐದು ನರ, ಎಲ್ಲ ತೊಟ್ಟಿನಲ್ಲಿ ಹುಟ್ಟಿ ಬಾಗಿ ಹೋಗಿ ತುದಿಯಲ್ಲಿ ಮತ್ತೆ ಕೂಡುತ್ತವೆ. ಎಲೆಯ ಮೇಲೆ ಸಣ್ಣ ರೋಮ, ಮುಟ್ಟಿದರೆ ಬೆಕ್ಕಿನ ನಾಲಿಗೆಯ ಹಾಗೆ ಒರಟು. ಫೋಟೋದಲ್ಲಿ ಬಿಸಿಲು ಬಡಿದು ಇದ್ಯಾವುದೂ ಕಂಡಿರಲಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತ ಕೂತುಬಿಟ್ಟೆ. ಬಸ್ಸಿನ ಹೊತ್ತಾಯಿತೆಂದು ದಾಕ್ಷಾಯಿಣಿ ಎರಡು ಸಲ ಹೇಳಬೇಕಾಯಿತು. ಸರಿ ಮಾಡಿ ಇನ್ನೊಂದು ಬರೆದು ತಂದುಕೊಡಿ, ಇದನ್ನ ನಾನು ಗೋಡೆಗೆ ಹಾಕೂದಿಲ್ಲ ಎಂದರು ಅಮ್ಮನವರು.

ಜನವರಿ 8

ಗೋವಿಂದ ಹೆಗಡೇರಿಗೂ ಹೇಳಿದೆ. ಅವರು ಸುಬ್ಬಲಕ್ಷ್ಮಿ ಅಮ್ಮನವರ ಹಾಗೆ ಮಾತಾಡಲಿಲ್ಲ.

“ಆಕಳು ಇರ್ಲೇ ಇಲ್ವಾ ಹಂಗಾದ್ರೆ? ನಾನು ಊರೆಲ್ಲ ಹೇಳ್ಕಂಡು ಬಂದೆ ಮಾರಾಯ. ಹನ್ನೊಂದು ಜನ ಇದ್ರು ಗಾಡಿಲಿ.” ಆಮೇಲೆ ಅಂಗಳದಲ್ಲಿ ನಿಂತಿದ್ದ ಗಾಡಿಯನ್ನೇ ನೋಡುತ್ತ ಕೂತರು. “ಈಗ ಮನೆಗೆ ಹೋಗು” ಅಂದರು.

ಬೈದಿದ್ದರೆ ಒಳ್ಳೆಯದಿತ್ತು. ಆದರೂ ಬರುವಾಗ ದಾರಿ ಹಗುರಾಗಿತ್ತು. ಮಾರಿಗುಡಿ ತನಕ ನಡೆದೇ ಬಂದೆ. ಒಂದು ಅಂಗಡಿಯಲ್ಲಿ ದುಂಡು ತುದಿಯ ಸಣ್ಣ ಬ್ರಷ್ ಸಿಕ್ಕಿತು. ನರಗಳಿಗೆ ಬೇಕು.

ಜನವರಿ 21

ನೆಕ್ಕರಕ ಮುಗಿಯಿತು, ನಾಲ್ಕನೆಯದು. ಈ ಸಲ ಎಲೆಯ ನಡುವಿನ ಉಬ್ಬು ಬಂದಿದೆ.

ಸಂಜೆ ಮಂಜಪ್ಪ ಮನೆಗೆ ಬಂದವನು ದೂರಿದ. “ಬಸ್‌ಸ್ಟ್ಯಾಂಡ್ ಹತ್ರ ಎರಡು ಸಲ ಹಾರ್ನ್ ಹಾಕಿದೆ. ತಿರುಗಿ ನೋಡ್ಲೇ ಇಲ್ಲ ನೀನು. ನಿನ್ನದೇ ಗಾಡಿ, ಸದ್ದು ಗೊತ್ತಾಗ್ಲಿಲ್ವಾ?”

ನಿಜವಾಗಿ ಕೇಳಿಸಿರಲಿಲ್ಲ. ಅಲ್ಲಿಯ ಹಳೇ ಗೋಡೆಯ ಸಂದಿಯಲ್ಲಿ ಜರಿಗಿಡ ಬೆಳೆದಿದೆ. ಬುಡ ಒಣಗಿ ಕಂದಾಗಿದೆ, ಹೊಸ ಸುರುಳಿ ಮಾತ್ರ ಹಸಿರು. ಎಷ್ಟು ಹಳದಿ ಬೇಕಾದೀತು ಎಂದು ನೋಡುತ್ತಿದ್ದೆ.

ಹೆಗಡೇರು ಹೇಳಿ ಕಳಿಸಿದ್ದಾರೆ. ಫೋನಿನಲ್ಲಿ ಬುಕಿಂಗ್ ಮಾಡುವವರಿಗೆ ಯಾವ ದಾರಿ, ಎಷ್ಟು ಹೊತ್ತು, ಮುದುಕರು ಎಲ್ಲಿವರೆಗೆ ಇಳಿಯಬಹುದು ಎಂದು ಸರಿಯಾಗಿ ಹೇಳುವವರು ಯಾರೂ ಇಲ್ಲವಂತೆ. ಬೆಳಿಗ್ಗೆ ಬಂದು ಆಫೀಸಿನಲ್ಲಿ ಕೂರಲಿ ಅಂದರಂತೆ. ಮಧ್ಯಾಹ್ನದ ನಂತರ ಬಿಡುವು ಸಿಗುತ್ತದಾ ಎಂದು ಕೇಳಿದೆ. ಸಿಗ್ತದೆ ಅಂದ.

ಫೆಬ್ರವರಿ 5

ಹುಬ್ಬಳ್ಳಿಗೆ ಹೋಗಿ ಬಂದೆವು.

ಡಾಕ್ಟರು ಹಾಳೆ ನೋಡಿದರು. ಡಿಸೆಂಬರ್ ಎರಡರ ಗೆರೆ ತೋರಿಸಿ ಕೇಳಿದರು. ಅದನ್ನೂ ಹೇಳಿದೆ, ಅಕ್ಟೋಬರಿನದನ್ನೂ ಹೇಳಿದೆ, ಅದಕ್ಕಿಂತ ಹಿಂದಿನ ವಾಸನೆಗಳನ್ನೂ ಹೇಳಿದೆ. ಫೋನ್ ಕೊಟ್ಟು ಚಪ್ಪಲಿಯ ಫೋಟೋ ತೋರಿಸಿದೆ. ಅವರು ಒಂದೊಂದನ್ನೂ ನೋಡಿ ಬರೆದುಕೊಂಡರು. ಇದನ್ನು ಮೊದಲೇ ಹೇಳಬೇಕಿತ್ತು ಅಂದರು, ಆದರೆ ಗದರಿಸಲಿಲ್ಲ. ಗುಳಿಗೆ ಬದಲಾಯಿಸಿದರು. ಸರಿಯಾಗಿ ತೆಗೆದುಕೊಂಡರೆ ಹತೋಟಿಗೆ ಬರುತ್ತದೆ, ಹೆದರಬೇಡಿ ಅಂದರು.

“ಗಾಡಿ?” ಎಂದು ದಾಕ್ಷಾಯಿಣಿಯೇ ಕೇಳಿದಳು.

“ಜನರನ್ನು ಕೂರಿಸಿಕೊಂಡು ಓಡಿಸುವ ಕೆಲಸ ಇನ್ನು ಬೇಡ. ಅದನ್ನು ಮರೆತುಬಿಡಿ.”

ಎದೆ ಕುಸಿಯುತ್ತದೆ ಎಂದು ಕಾದೆ. ಏನೂ ಆಗಲಿಲ್ಲ. “ಆಯ್ತು ಸರ್” ಅಂದೆ. ನನಗಿಂತ ದಾಕ್ಷಾಯಿಣಿಗೇ ಆಶ್ಚರ್ಯವಾಯಿತು.

ಬರುವಾಗ ಯಲ್ಲಾಪುರದ ಮೇಲೆ ಬರುವ ಬಸ್ಸು ಸಿಕ್ಕಿತು. ಕಿಟಕಿ ಪಕ್ಕ ಅವಳು, ಈಚೆ ನಾನು. ಕಲಘಟಗಿ ದಾಟಿ ಕಾಡು ಶುರುವಾದದ್ದು ಗೊತ್ತು. ಆಮೇಲೆ ಗೊತ್ತಿಲ್ಲ. ಫಿಟ್ಸ್ ಅಲ್ಲ, ನಿದ್ದೆ. ಬೇರೆಯವರು ಓಡಿಸುವ ಗಾಡಿಯಲ್ಲಿ ನಾನು ನಿದ್ದೆ ಮಾಡಿದವನೇ ಅಲ್ಲ. ತಿರುವು ಬಂದರೆ ಬಲಗಾಲು ತಾನೇ ಬ್ರೇಕ್ ಹುಡುಕುತ್ತದೆ, ಎದುರಿನಿಂದ ಲಾರಿ ಬಂದರೆ ಮೈಯೆಲ್ಲ ಬಿಗಿಯುತ್ತದೆ. ಇವತ್ತು ಅಷ್ಟೂ ತಿರುವು ನನಗೆ ತಿಳಿಯದೆಯೇ ಮುಗಿದವು. ಯಲ್ಲಾಪುರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತ್ತಂತೆ. ಅವಳು ನನ್ನ ತಲೆಯನ್ನು ಮೆಲ್ಲಗೆ ಸೀಟಿಗೆ ಒರಗಿಸಿ, ಕೆಳಗಿಳಿದು ಚಹಾ ಕುಡಿದು, ಬಂದು ಮತ್ತೆ ಭುಜಕ್ಕೆ ಒರಗಿಸಿಕೊಂಡಳಂತೆ.

“ಏಳ್ರಿ, ಶಿರಸಿ ಬಂತು.”

ಕಣ್ಣು ಬಿಟ್ಟರೆ ಬಸ್ಸು ಖಾಲಿ. ಎಲ್ಲರೂ ಇಳಿದು ಹೋಗಿದ್ದರು. ಡ್ರೈವರ್ ಕೂಡ ಇಳಿದು ಬಾಗಿಲ ಬಳಿ ಸೊಂಟಕ್ಕೆ ಕೈಯಿಟ್ಟು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ಕಂಡಕ್ಟರ್ ಚೀಲ ಹೆಗಲಿಗೆ ಹಾಕಿಕೊಂಡು ನಮ್ಮನ್ನೇ ನೋಡಿದ.

“ಇಳೀತೀರಾ ಯಜಮಾನ್ರೇ, ಇಲ್ಲ ನಮ್ಮ ಜೊತೆ ಡಿಪೋಕ್ಕೇ ಬರ್ತೀರಾ?”

ದಾಕ್ಷಾಯಿಣಿ ನಗುತ್ತ ಚೀಲ ಎತ್ತಿಕೊಂಡಳು. ನಾನು ಇನ್ನೊಂದು ನಿಮಿಷ ಹಾಗೇ ಕೂತಿದ್ದು, ಆಮೇಲೆ ಇಳಿದೆ.